ವೃದ್ಧಾಪ್ಯದಲ್ಲಿ ರುಚಿ, ವಾಸನೆ ಹಾಗೂ ಪೋಷಣೆ

ಅನ್ನವು ಪ್ರಾಣಕ್ಕೆ ಆಧಾರವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅನ್ನವು ತಟ್ಟೆಯಲ್ಲಿದ್ದ ಮಾತ್ರಕ್ಕೆ ಪ್ರಾಣಾಧಾರವಾಗಲಾರದು. ಅದು ಬಾಯಿಗೆ ಹೋಗಬೇಕು. ಹೋಗಬೇಕಾದರೆ ಉಣ್ಣುವವನಿಗೆ ರುಚಿಸಬೇಕು. ಪ್ರಾಯದಲ್ಲಿ ಹಸಿವೆಯೇ ರುಚಿಯನ್ನು ತರುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದವನಿಗೆ ತಂಗಳ ರೊಟ್ಟಿಯೂ ಅಮೃತವಾಗುತ್ತದೆ. ಮುಪ್ಪಿನಲ್ಲಿ ಈ ಕ್ರಮ ತಿರುಗಿ ಬೀಳುತ್ತದೆ. ಅಲ್ಲಿ ರುಚಿಯೇ ಹಸಿವೆಯನ್ನು ಕರೆತರಬೇಕಾಗುತ್ತದೆ. ಅಂಥ ಕಾಲದಲ್ಲಿಯೇ ರುಚಿಯೂ ಕೈಬಿಟ್ಟರೆ ಗತಿ ಏನು? ಈ ಪ್ರಶ್ನೆಯನ್ನು ಶರೀರಶಾಸ್ತ್ರದ ಬೆಳಕಿನಲ್ಲಿಯೂ ನಮ್ಮ ಸೀಮೆಯ ಬಾಳಿನ ಹಿನ್ನೆಲೆಯಲ್ಲಿಯೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

"ಬಾಯಿಗೆ ರುಚಿ ಹತ್ತವಲ್ದು" ಎಂಬ ಮಾತು ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಮನೆಗಳಲ್ಲಿ ಹಿರಿಯರಿಂದ ಆಗಾಗ ಕೇಳಿಬರುತ್ತದೆ. ಅಡಿಗೆ ಮಾಡಿದ ಸೊಸೆಗೆ ಅದು ತನ್ನ ಕೈಗುಣವನ್ನು ಹಳಿದಂತೆ ತೋರುತ್ತದೆ. ಮಗನಿಗೆ ಅದು ಮುದುಕರ ಹಠವೆನಿಸುತ್ತದೆ. ನೆರೆಹೊರೆಯವರು "ವಯಸ್ಸಾಯಿತಲ್ಲ, ಇನ್ನೇನು" ಎಂದು ಸುಮ್ಮನಾಗುತ್ತಾರೆ. ಹೀಗೆ ಮಾತು ಅಲ್ಲಿಗೇ ನಿಲ್ಲುತ್ತದೆ. ತಟ್ಟೆಯಲ್ಲಿ ಉಳಿದ ಅನ್ನ ದನದ ಗೋದಲೆಗೆ ಹೋಗುತ್ತದೆ. ಹಿರಿಯ ಜೀವವು ತಿಂಗಳು ತಿಂಗಳಿಗೆ ಕರಗುತ್ತ ಹೋಗುತ್ತದೆ. ವಾಸ್ತವದಲ್ಲಿ ಆ ಮಾತು ಒಂದು ದೇಹಲಕ್ಷಣದ ವರದಿ. ಜ್ವರ ಬಂದಿದೆಯೆಂದು ಹೇಳಿದರೆ ಹೇಗೆ ಕಿವಿಗೊಡುತ್ತೇವೆಯೋ ಹಾಗೆಯೇ ಇದಕ್ಕೂ ಕಿವಿಗೊಡಬೇಕು.

ನಾಲಿಗೆಯು ಅರಿಯುವುದೆಷ್ಟು?

ನಾಲಿಗೆಯ ಮೇಲೆ ಕಾಣುವ ಸಣ್ಣ ಉಬ್ಬುಗಳಲ್ಲಿ ಹೂಮೊಗ್ಗಿನ ಆಕಾರದ ಅತಿ ಸೂಕ್ಷ್ಮವಾದ ಅಂಗಗಳು ಹುದುಗಿವೆ. ಇವೇ ರುಚಿಮೊಗ್ಗುಗಳು. ಮನುಷ್ಯನಲ್ಲಿ ಇವುಗಳ ಸಂಖ್ಯೆ ಕೆಲವು ಸಾವಿರ. ನಾಲಿಗೆಯಲ್ಲದೆ ಅಂಗುಳ ಮತ್ತು ಗಂಟಲಿನಲ್ಲಿಯೂ ಇವು ಉಂಟು. ಒಂದೊಂದು ಮೊಗ್ಗಿನಲ್ಲಿ ೫೦ರಿಂದ ೧೦೦ ಜೀವಕೋಶಗಳಿದ್ದು, ಹೆಚ್ಚಿನ ಕೋಶಗಳು ಕೆಲವೇ ದಿನ ಬಾಳಿ ಸತ್ತು, ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತಿರುತ್ತವೆ. ಬಿಸಿ ಹಾಲಿನಿಂದ ಸುಟ್ಟ ನಾಲಿಗೆ ಕೆಲವು ದಿನಗಳಲ್ಲಿ ಮತ್ತೆ ರುಚಿಯನ್ನು ಹಿಡಿಯುವುದು ಈ ನಿರಂತರವಾದ ಹೊಸಹುಟ್ಟಿನಿಂದಲೇ.

ನಮ್ಮ ಆಯುರ್ವೇದವು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಷಡ್ರಸಗಳನ್ನು ಎಣಿಸಿತು. ಆಧುನಿಕ ಶರೀರಶಾಸ್ತ್ರವು ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕನ್ನು ಒಪ್ಪಿ, ಐದನೆಯದಾಗಿ 'ಉಮಾಮಿ'ಯನ್ನು ಸೇರಿಸುತ್ತದೆ. ೧೯೦೮ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ಕಡಲಪಾಚಿಯ ಸಾರಿನಿಂದ ಇದನ್ನು ಗುರುತಿಸಿದರು. ಹಣ್ಣಾದ ಟೊಮ್ಯಾಟೊ, ಅಣಬೆ ಮುಂತಾದವುಗಳಲ್ಲಿ ಕಂಡುಬರುವ ತುಂಬುರುಚಿ ಇದೇ. ಖಾರ ಮತ್ತು ಒಗರುಗಳನ್ನು ರುಚಿಮೊಗ್ಗುಗಳ ಕೆಲಸವೆಂದು ಇಂದಿನ ಶಾಸ್ತ್ರ ಎಣಿಸುವುದಿಲ್ಲ. ಮೆಣಸಿನಕಾಯಿಯ ಖಾರವು ನೋವನ್ನೂ ಶಾಖವನ್ನೂ ಅರಿಯುವ ನರಗಳ ಮೂಲಕ ಮಿದುಳನ್ನು ಮುಟ್ಟುತ್ತದೆ. ಆ ನರಗಳಲ್ಲಿರುವ ಖಾರಗ್ರಾಹಿಯನ್ನು ೧೯೯೭ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಖಾರವು ರುಚಿಮೊಗ್ಗಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರುತ್ತದೆಯೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ.

ಅಧ್ಯಾಪಕ ಬಂಧುಗಳಿಗೆ ಇಲ್ಲಿ ಒಂದು ವಿಜ್ಞಾಪನೆ. ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ, ಪಕ್ಕೆಗಳಿಗೆ ಹುಳಿ ಮತ್ತು ಉಪ್ಪು ಎಂದು ಭಾಗಮಾಡಿ ತೋರಿಸುವ ಚಿತ್ರ ಹಳೆಯ ಪಠ್ಯಪುಸ್ತಕಗಳಲ್ಲಿ ಬರುತ್ತಿತ್ತು. ೧೯೦೧ರ ಒಂದು ಜರ್ಮನ್ ಪ್ರಬಂಧವನ್ನು ತಪ್ಪಾಗಿ ಅರ್ಥೈಸಿದ್ದರಿಂದ ಹುಟ್ಟಿದ ಚಿತ್ರವದು. ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವು.

ಮೂಗಿನ ಪಾತ್ರ

ಹೀಗೆ ನಾಲಿಗೆಗೆ ತಿಳಿಯುವುದು ಐದೇ ರುಚಿ. ಹಾಗಾದರೆ ಶೇಂಗಾ ಹಿಂಡಿಗೂ ಗುರೆಳ್ಳು ಹಿಂಡಿಗೂ, ಪುಂಡಿಪಲ್ಯಕ್ಕೂ ಹುಣಸೆಯ ಸಾರಿಗೂ ಇರುವ ಭೇದವನ್ನು ಯಾರು ತಿಳಿಸುತ್ತಾರೆ? ಆ ಕೆಲಸ ಮೂಗಿನದು. ಅಗಿಯುವಾಗ ಆಹಾರದಿಂದ ಏಳುವ ಸುವಾಸನೆಯ ಆವಿಯು ಗಂಟಲಿನ ಹಿಂಭಾಗದಿಂದ ಮೇಲೇರಿ ಮೂಗಿನ ಒಳಛಾವಣಿಯನ್ನು ಸೇರುತ್ತದೆ. ಅಲ್ಲಿರುವ ಘ್ರಾಣಕೋಶಗಳು ಅದನ್ನು ಗುರುತಿಸಿ ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಮನುಷ್ಯನಲ್ಲಿ ಸುಮಾರು ೪೦೦ ಬಗೆಯ ಘ್ರಾಣಗ್ರಾಹಿಗಳಿವೆ. ಇವುಗಳ ವಂಶವಾಹಿಗಳನ್ನು ೧೯೯೧ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು ಶೋಧಿಸಿದರು. ೨೦೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಾವು ಒಟ್ಟಾಗಿ 'ರುಚಿ' ಎಂದು ಕರೆಯುವುದರಲ್ಲಿ ಬಹುಪಾಲು ವಾಸನೆಯೇ ಆಗಿದೆ. ಮಿದುಳು ಎರಡನ್ನೂ ಬೆಸೆದು ಬಾಯಲ್ಲಿಯೇ ಆಗುತ್ತಿರುವ ಅನುಭವವೆಂಬಂತೆ ನಮಗೆ ಒಪ್ಪಿಸುತ್ತದೆ. ಆದುದರಿಂದಲೇ ಮೂಗು ಕೆಟ್ಟವನೂ ಬಾಯಿ ಕೆಟ್ಟಿತೆಂದು ಹೇಳುತ್ತಾನೆ.

ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ವಿದ್ಯಾರ್ಥಿಯೊಬ್ಬನ ಕಣ್ಣು ಕಟ್ಟಿ, ಮೂಗನ್ನು ಬೆರಳಿನಿಂದ ಒತ್ತಿ ಹಿಡಿಯಿಸಿ, ಏಲಕ್ಕಿ ಬೆರೆಸಿದ ಬೆಲ್ಲದ ಚೂರನ್ನು ಬಾಯಿಗಿಡಿರಿ. ಅವನು ಸಿಹಿಯೆಂದಷ್ಟೇ ಹೇಳುವನು. ಮೂಗನ್ನು ಬಿಟ್ಟೊಡನೆ ಏಲಕ್ಕಿಯ ಪರಿಮಳ ಥಟ್ಟನೆ ಬಾಯಿ ತುಂಬುವುದು. ಮೂಗು ಸೋತ ಹಿರಿಯರು ಪ್ರತಿದಿನ ಎರಡು ಹೊತ್ತು ಉಣ್ಣುವುದು ಮೂಗು ಮುಚ್ಚಿಕೊಂಡ ಆ ಹುಡುಗನಂತೆಯೇ ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ಪಾಠವು ಪುಸ್ತಕದಾಚೆಗೂ ಫಲ ಕೊಡುತ್ತದೆ.

ವಾಸನೆಯ ಕೆಲಸ ಸಂತೋಷ ಕೊಡುವುದರಲ್ಲಿಯೇ ಮುಗಿಯುವುದಿಲ್ಲ. ಒಗ್ಗರಣೆಯ ಕಂಪು ತೇಲಿಬಂದಾಗ ಬಾಯಲ್ಲಿ ನೀರೂರುತ್ತದೆ, ಜಠರರಸವೂ ಒಸರತೊಡಗುತ್ತದೆ. ಆಹಾರವು ಹೊಟ್ಟೆಗೆ ಇಳಿಯುವ ಮೊದಲೇ ದೇಹವು ಅದನ್ನು ಎದುರುಗೊಳ್ಳಲು ಸಿದ್ಧವಾಗುವ ಈ ಕ್ರಿಯೆಯನ್ನು ರಷ್ಯದ ಪಾವ್ಲೋವ್ ಅವರು ಪ್ರಯೋಗಗಳಿಂದ ತೋರಿಸಿದರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕಂಪು ತಲುಪದಿದ್ದರೆ ಈ ಸಿದ್ಧತೆಯೂ ಕುಂದುತ್ತದೆ.

ವಯಸ್ಸು ತರುವ ಬದಲಾವಣೆ

ವಯಸ್ಸಾದಂತೆ ನಾಲಿಗೆಯ ಸೂಕ್ಷ್ಮತೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಉಪ್ಪನ್ನಾಗಲಿ ಸಿಹಿಯನ್ನಾಗಲಿ ಗುರುತಿಸಲು ಮೊದಲಿಗಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಆದರೆ ದೊಡ್ಡ ನಷ್ಟವಾಗುವುದು ಮೂಗಿನಲ್ಲಿ. ಘ್ರಾಣಕೋಶಗಳೂ ಸತ್ತು ಹುಟ್ಟುವಂಥವೇ ಆದರೂ ಮುಪ್ಪಿನಲ್ಲಿ ಹೊಸಹುಟ್ಟು ನಿಧಾನವಾಗುತ್ತದೆ. ಜೀವಮಾನವಿಡೀ ತಗುಲಿದ ನೆಗಡಿ, ಧೂಳು, ಹೊಗೆಗಳು ಆ ಪದರವನ್ನು ಅಲ್ಲಲ್ಲಿ ಸವೆಸಿರುತ್ತವೆ. ಸೌದೆಯ ಒಲೆಯ ಮುಂದೆ ನಾಲ್ಕೈದು ದಶಕ ರೊಟ್ಟಿ ಬಡಿದ ಅಜ್ಜಿಯರು ಎಷ್ಟು ಹೊಗೆ ಕುಡಿದಿರಬಹುದೆಂಬುದನ್ನು ಊಹಿಸಬಹುದು.

ಈ ನಷ್ಟದ ವ್ಯಾಪ್ತಿಯನ್ನು ೧೯೮೪ರಲ್ಲಿ ಅಮೆರಿಕದ ರಿಚರ್ಡ್ ಡಾಟಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವು ಲೋಕಕ್ಕೆ ತೋರಿಸಿತು. ಬಾಲಕರಿಂದ ಹಿಡಿದು ತೊಂಬತ್ತು ದಾಟಿದವರವರೆಗೆ ಸುಮಾರು ಎರಡು ಸಾವಿರ ಜನರ ವಾಸನಾಶಕ್ತಿಯನ್ನು ಅವರು ಪರೀಕ್ಷಿಸಿದ್ದರು. ೬೫ರಿಂದ ೮೦ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ೮೦ ದಾಟಿದವರಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಂದಿಗೂ ಈ ಶಕ್ತಿ ಗಣನೀಯವಾಗಿ ಕುಗ್ಗಿತ್ತು. ೨೦೦೨ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಒಂದು ಊರಿನಿಂದ ಬಂದ ವರದಿಯು ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಅಲ್ಲಿ ೫೩ರಿಂದ ೯೭ ವರ್ಷದ ಜನರನ್ನು ಪರೀಕ್ಷಿಸಿದಾಗ ನೂರಕ್ಕೆ ೨೪ಕ್ಕಿಂತ ಹೆಚ್ಚು ಮಂದಿಯಲ್ಲಿ ವಾಸನಾಶಕ್ತಿ ಕುಗ್ಗಿತ್ತು. ಆದರೆ ತಮಗೆ ವಾಸನೆ ತಿಳಿಯದೆಂದು ತಾವಾಗಿ ಹೇಳಿದವರು ನೂರಕ್ಕೆ ೧೦ರಷ್ಟೂ ಇರಲಿಲ್ಲ! ಕಣ್ಣು ಮಂಜಾದರೆ ತಿಳಿಯುತ್ತದೆ, ಕಿವಿ ಮಂದವಾದರೆ ಇತರರು ಹೇಳುತ್ತಾರೆ. ಮೂಗು ಮಾತ್ರ ಸದ್ದಿಲ್ಲದೆ ಸೋಲುತ್ತದೆ.

ರುಚಿ ಕೆಡಿಸುವ ಇತರ ಕಾರಣಗಳು

ಎಲ್ಲವನ್ನೂ ಮುಪ್ಪಿನ ಮೇಲೆ ಹೊರಿಸುವುದು ಸರಿಯಲ್ಲ. ಚಿಕಿತ್ಸೆಗೆ ಒಳಪಡುವ ಕಾರಣಗಳೂ ಹಲವಿವೆ. ಹುಳುಕು ಹಲ್ಲು, ಒಸಡಿನ ಕೀವು, ತೊಳೆಯದ ನಾಲಿಗೆ, ಅಂಗುಳವನ್ನು ಮುಚ್ಚುವ ಸರಿಹೊಂದದ ಕೃತಕ ದಂತಪಂಕ್ತಿ ಇವು ಮೊದಲನೆಯವು. ಜೊಲ್ಲಿನ ಕೊರತೆಯೂ ಅಷ್ಟೇ ಮುಖ್ಯ. ರುಚಿಯ ಕಣಗಳು ಜೊಲ್ಲಿನಲ್ಲಿ ಕರಗಿದ ಹೊರತು ರುಚಿಮೊಗ್ಗನ್ನು ಮುಟ್ಟಲಾರವು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುವುದರಿಂದ ಹಿರಿಯರು ನೀರು ಕುಡಿಯುವುದು ಕಡಿಮೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಇದರ ಕಷ್ಟ ಇಮ್ಮಡಿ.

ಔಷಧಗಳದು ಮತ್ತೊಂದು ಬಗೆ. ಸಕ್ಕರೆಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೆಲವರ ಬಾಯಲ್ಲಿ ಲೋಹದ ರುಚಿಯನ್ನು ಉಂಟುಮಾಡುತ್ತದೆ; ರಕ್ತದೊತ್ತಡದ ಕೆಲವು ಗುಳಿಗೆಗಳು ರುಚಿಯನ್ನು ಮಂಕಾಗಿಸುತ್ತವೆ; ಇನ್ನು ಕೆಲವು ಬಾಯಿಯನ್ನು ಒಣಗಿಸುತ್ತವೆ. ಹಾಗೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಅವರು ಬದಲಿಯನ್ನು ಯೋಚಿಸಬಲ್ಲರು. ತಂಬಾಕು, ಬೀಡಿ, ಗುಟ್ಕಾಗಳು ಬಾಯಿ ಮೂಗುಗಳೆರಡಕ್ಕೂ ಶತ್ರುಗಳು. ಸತುವಿನ ಅಂಶದ ಕೊರತೆಯಿಂದಲೂ ರುಚಿ ಕೆಡಬಹುದು. ೨೦೨೦ರ ಕೋವಿಡ್ ಪಿಡುಗಿನಲ್ಲಿ ಅನೇಕರು ದಿಢೀರನೆ ವಾಸನೆ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಕೆಲವರಿಗೆ ಅದು ಪೂರ್ತಿಯಾಗಿ ಮರಳಲಿಲ್ಲ. ಪಾರ್ಕಿನ್ಸನ್ ಮತ್ತು ಆಲ್ಜೈಮರ್ ರೋಗಗಳಲ್ಲಿ ಇತರ ಲಕ್ಷಣಗಳು ಕಾಣುವ ಮೊದಲೇ ವಾಸನಾಶಕ್ತಿ ಕುಗ್ಗುವುದುಂಟು.

ಊಟದ ಮೇಲೆ ಆಗುವ ಪರಿಣಾಮ

ವಾಸನೆ ಕುಂದಿದವರೆಲ್ಲರೂ ಒಂದೇ ರೀತಿ ವರ್ತಿಸುವುದಿಲ್ಲ. ಕೆಲವರು ಊಟವನ್ನೇ ಕಡಿಮೆ ಮಾಡುತ್ತಾರೆ. ಕೆಲವರು ನಾಲಿಗೆಗೆ ಇನ್ನೂ ನಿಲುಕುವ ಸಿಹಿ, ಉಪ್ಪು, ಎಣ್ಣೆಯ ತಿನಿಸುಗಳತ್ತ ವಾಲುತ್ತಾರೆ. ೧೯೯೫ರಲ್ಲಿ ಅಮೆರಿಕದಲ್ಲಿ ವೃದ್ಧ ಸ್ತ್ರೀಯರ ಬಗ್ಗೆ ನಡೆದ ಅಧ್ಯಯನವೊಂದರಲ್ಲಿ, ವಾಸನೆ ಕುಗ್ಗಿದವರಿಗೆ ಅಡಿಗೆ ಮಾಡುವುದರಲ್ಲಿಯೂ ಬಗೆಬಗೆಯ ಆಹಾರ ಉಣ್ಣುವುದರಲ್ಲಿಯೂ ಆಸಕ್ತಿ ಇಳಿದಿದ್ದು, ಸಿಹಿಯ ಸೇವನೆ ಹೆಚ್ಚಿದ್ದುದು ಕಂಡುಬಂದಿತು. ಮೊದಲನೆಯವರು ಸೊರಗುತ್ತಾರೆ, ಎರಡನೆಯವರಿಗೆ ಸಕ್ಕರೆಕಾಯಿಲೆಯೂ ರಕ್ತದೊತ್ತಡವೂ ಬಲಿಯುತ್ತವೆ.

ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಪ್ರಾಯದವರು ಒಂದೇ ಪದಾರ್ಥವನ್ನು ಉಣ್ಣುತ್ತ ಹೋದರೆ ಬೇಗನೆ ಬೇಸತ್ತು ಮತ್ತೊಂದಕ್ಕೆ ಕೈಚಾಚುತ್ತಾರೆ. ದೇಹಕ್ಕೆ ಬಗೆಬಗೆಯ ಪೋಷಕಾಂಶ ದೊರಕಿಸುವ ನಿಸರ್ಗದ ಉಪಾಯವಿದು. ಈ ಬೇಸರವು ವೃದ್ಧರಲ್ಲಿ ಕಡಿಮೆಯಾಗುವುದೆಂದು ೧೯೯೧ರಲ್ಲಿ ಬಾರ್ಬರಾ ರೋಲ್ಸ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಮೂರು ಹೊತ್ತೂ ಅನ್ನ ತಿಳಿಸಾರನ್ನೇ ಉಂಡರೂ "ನನಗೆ ಇಷ್ಟೇ ಸಾಕು" ಎನ್ನುವ ಹಿರಿಯರ ಮಾತಿನಲ್ಲಿ ವೈರಾಗ್ಯದ ಜೊತೆಗೆ ಈ ಶರೀರಧರ್ಮವೂ ಸೇರಿರಬಹುದು. ಎರಡನೆಯದಾಗಿ, ೧೯೯೪ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತರುಣರಿಗೂ ವೃದ್ಧರಿಗೂ ಮೂರು ವಾರ ಕಡಿಮೆ ಆಹಾರ ಕೊಡಲಾಯಿತು. ಅನಂತರ ಬೇಕಾದಷ್ಟು ಉಣ್ಣಲು ಬಿಟ್ಟಾಗ ತರುಣರು ಹೆಚ್ಚು ಉಂಡು ಕಳೆದ ತೂಕವನ್ನು ಮರಳಿ ಪಡೆದರು, ವೃದ್ಧರು ಪಡೆಯಲಿಲ್ಲ. ಇದರ ಅರ್ಥ ಸ್ಪಷ್ಟವಾಗಿದೆ. ಜ್ವರದಿಂದಲೋ ಆಸ್ಪತ್ರೆಯ ವಾಸದಿಂದಲೋ ಇಳಿದ ಅಜ್ಜನ ಮೈ ಹಸಿವೆಯನ್ನೇ ನಂಬಿ ಕುಳಿತರೆ ತಾನಾಗಿ ತುಂಬುವುದಿಲ್ಲ. ಮನೆಯವರು ಮುಂದಾಗಿ ತುಂಬಿಸಬೇಕು.

ತೂಕ ಇಳಿದಾಗ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ. ಕಾಲು ಸೋಲುತ್ತದೆ, ಎಡವಿ ಬೀಳುವ ಭಯ ಹೆಚ್ಚುತ್ತದೆ, ಗಾಯ ಮಾಯಲು ತಡವಾಗುತ್ತದೆ, ಸೋಂಕುಗಳು ಸುಲಭವಾಗಿ ತಗಲುತ್ತವೆ. ಭಾರತದ ವೃದ್ಧರ ಸ್ಥಿತಿಗತಿಗಳ ಬಗ್ಗೆ ೨೦೧೭-೧೮ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ೬೦ ವರ್ಷ ಮೀರಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಇದಕ್ಕೆ ಬಡತನ, ರೋಗ, ಒಂಟಿತನ ಮುಂತಾದ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಅನ್ನವಿದ್ದೂ ಉಣ್ಣಲಾಗದ ಸ್ಥಿತಿಯನ್ನು ನಾವು ಆ ಲೆಕ್ಕದಲ್ಲಿ ಮರೆಯುತ್ತಿದ್ದೇವೆ.

ನಮ್ಮ ಸೀಮೆಯ ಸ್ಥಿತಿ

ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ಅಲ್ಲಮಪ್ರಭುವಿನ ಸನ್ನಿಧಾನದಿಂದ ಸುತ್ತಣ ಭಕ್ತರಿಗೆಲ್ಲ ಪರಿಚಿತವಾದದ್ದು. ಈ ಭಾಗದ ಹಿಂದಿನ ಊಟವೆಂದರೆ ಜೋಳದ ಇಲ್ಲವೆ ಸಜ್ಜೆಯ ರೊಟ್ಟಿ, ಕಾಳುಪಲ್ಯ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಹಿಂಡಿ, ಮಜ್ಜಿಗೆ. ಅದರಲ್ಲಿ ಹುಳಿ, ಖಾರ, ಒಗರು, ಕಂಪು ಎಲ್ಲವೂ ಇದ್ದವು, ಸಸಾರಜನಕವೂ ಸಾಕಷ್ಟಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಭಾಗದಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗ ಭಾಗದಲ್ಲಿಯೂ ಭತ್ತದ ಬೇಸಾಯ ಬೆಳೆಯಿತು. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡವರ ಮನೆಗೂ ಅಕ್ಕಿ ಮುಟ್ಟಿತು. ಹಸಿವನ್ನು ತಡೆಯುವಲ್ಲಿ ಇದರ ಉಪಕಾರ ದೊಡ್ಡದು. ಹಲ್ಲಿಲ್ಲದ ಬಾಯಿಗೆ ಖಡಕ್ ರೊಟ್ಟಿಗಿಂತ ಮೆತ್ತನೆಯ ಅನ್ನ ಹಿತವೆನಿಸುವುದೂ ಸಹಜ. ಆದರೆ ರೊಟ್ಟಿಯೊಂದಿಗೆ ಬರುತ್ತಿದ್ದ ಕಾಳುಪಲ್ಯ ಹಿಂಡಿಗಳು ಅನ್ನದೊಂದಿಗೆ ಬರಲಿಲ್ಲ.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ೫೦ ಕಿಲೋ ತೂಕದ ವ್ಯಕ್ತಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಶಿಫಾರಸಿನಂತೆ ದಿನಕ್ಕೆ ಸುಮಾರು ೪೨ ಗ್ರಾಂ ಸಸಾರಜನಕ ಬೇಕು. ವೃದ್ಧರಿಗೆ ೫೦ರಿಂದ ೬೦ ಗ್ರಾಂ ಇದ್ದರೆ ಲೇಸೆಂಬುದು ಅನೇಕ ತಜ್ಞರ ಮತ. ದಿನಕ್ಕೆ ೨೦೦ ಗ್ರಾಂ ಅಕ್ಕಿಯ ಅನ್ನವನ್ನು ತಿಳಿಸಾರಿನೊಂದಿಗೆ ಉಂಡರೆ ದೊರೆಯುವುದು ಸುಮಾರು ೧೫ ಗ್ರಾಂ. ೧೦೦ ಗ್ರಾಂ ಶೇಂಗಾದಲ್ಲಿ ಸುಮಾರು ೨೪ ಗ್ರಾಂ, ತೊಗರಿಬೇಳೆಯಲ್ಲಿ ೨೧ ಗ್ರಾಂನಷ್ಟು ಸಸಾರಜನಕವಿದೆ. ನಮ್ಮ ಹೊಲದಲ್ಲಿಯೇ ಬೆಳೆಯುವ ಈ ಎರಡನ್ನು ಅಜ್ಜಿಯ ತಟ್ಟೆಗೆ ಮರಳಿ ತಂದರೆ ಕೊರತೆಯ ಬಹುಭಾಗ ನೀಗುತ್ತದೆ.

ಇದಕ್ಕಿಂತಲೂ ಕಳವಳದ ವಿಷಯವೊಂದಿದೆ. ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಕಟ್ಟಡದ ಕೆಲಸಕ್ಕಾಗಿ ಗುಳೆ ಹೋಗುವ ಕುಟುಂಬಗಳು ನಮ್ಮ ತಾಲೂಕುಗಳಲ್ಲಿ ಬಹಳ. ಪ್ರಾಯದವರು ಹೋದ ಮನೆಯಲ್ಲಿ ಮುದುಕರೂ ಶಾಲೆಗೆ ಹೋಗುವ ಮಕ್ಕಳೂ ಉಳಿಯುತ್ತಾರೆ. ಮಗುವಿಗೆ ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟವಿದೆ. ೨೦೦೨ರಲ್ಲಿ ರಾಯಚೂರೂ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾದ ಅಕ್ಷರ ದಾಸೋಹ ಯೋಜನೆಯಿಂದ ಎಷ್ಟು ಮಕ್ಕಳು ಉಂಡರೆಂಬ ಲೆಕ್ಕವನ್ನೂ ದಿನದಿನವೂ ಬರೆದಿಡಲಾಗುತ್ತದೆ. ಅದೇ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಕುಳಿತ ಅಜ್ಜಿ ಉಂಡಳೋ ಇಲ್ಲವೋ ಎಂಬ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ತನ್ನೊಬ್ಬಳಿಗಾಗಿ ಒಗ್ಗರಣೆ ಹಾಕಲು ಅವಳಿಗೆ ಮನಸ್ಸಿಲ್ಲ. ಹಾಕಿದರೂ ಅದರ ಕಂಪು ಅವಳಿಗೆ ತಿಳಿಯದು.

ಉಪ್ಪು ಮದ್ದಲ್ಲ

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆ ನಮ್ಮಲ್ಲಿದೆ. ಸಪ್ಪೆಯೆನಿಸಿದ ಕೂಡಲೇ ಕೈ ಉಪ್ಪಿನ ಭರಣಿಗೆ ಹೋಗುವುದು ಸ್ವಾಭಾವಿಕ. ಆದರೆ ಕಳೆದುಹೋದದ್ದು ಮುಖ್ಯವಾಗಿ ವಾಸನೆಯಾಗಿರುವಾಗ ಉಪ್ಪು ಅದನ್ನು ತುಂಬಿಕೊಡಲಾರದು. ಮೂಗಿನ ಸಾಲವನ್ನು ನಾಲಿಗೆ ತೀರಿಸಲು ಹೊರಟಂತೆ ಆಗುತ್ತದೆ. ಬಡ್ಡಿಯನ್ನು ಹೃದಯವೂ ಮೂತ್ರಪಿಂಡಗಳೂ ತೆರಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ಹೇಳುತ್ತದೆ. ಅಂದರೆ ಸುಮಾರು ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಇದರಲ್ಲಿ ಸೇರಿತು.

ಅದೇ ಕಾಲಕ್ಕೆ ಇದರ ವಿರುದ್ಧದ ತಪ್ಪನ್ನೂ ಮಾಡಬಾರದು. ಸಕ್ಕರೆಕಾಯಿಲೆ, ರಕ್ತದೊತ್ತಡಗಳ ಹೆಸರಿನಲ್ಲಿ ಉಪ್ಪು, ಹುಳಿ, ಖಾರ, ಎಣ್ಣೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ, ಸಪ್ಪೆ ಗಂಜಿಯನ್ನು ಮುಂದಿಟ್ಟು "ಇದನ್ನೇ ಉಣ್ಣಬೇಕು" ಎಂದರೆ ಆ ವೃದ್ಧರು ಊಟವನ್ನೇ ಬಿಟ್ಟಾರು. ಉಪ್ಪನ್ನು ಇಳಿಸಿದಷ್ಟು ಕಂಪನ್ನು ಏರಿಸಬೇಕು. ಪಥ್ಯದ ಗುಟ್ಟು ಇಲ್ಲಿದೆ.

ಅಡಿಗೆಮನೆಯಲ್ಲಿರುವ ಪರಿಹಾರ

೨೦೦೧ರಲ್ಲಿ ಪ್ರಕಟವಾದ ನೆದರ್ಲೆಂಡಿನ ಅಧ್ಯಯನವೊಂದರಲ್ಲಿ ವೃದ್ಧರ ಶುಶ್ರೂಷಾಲಯದ ಅಡಿಗೆಗೆ ೧೬ ವಾರಗಳ ಕಾಲ ಪರಿಮಳದ್ರವ್ಯಗಳನ್ನು ಸೇರಿಸಿ ಬಡಿಸಲಾಯಿತು. ಆ ಊಟ ಉಂಡವರ ಆಹಾರಸೇವನೆ ಸುಧಾರಿಸಿ ತೂಕ ಏರಿತು. ನಮ್ಮ ಅಡಿಗೆಮನೆಗಳಿಗೆ ಅಂಗಡಿಯ ದ್ರವ್ಯಗಳು ಬೇಕಿಲ್ಲ. ಜೀರಿಗೆ, ಬೆಳ್ಳುಳ್ಳಿ, ಇಂಗು, ಕರಿಬೇವು, ಕೊತ್ತಂಬರಿ, ಹಸಿಶುಂಠಿ, ಹುರಿದ ಎಳ್ಳು ಇವು ಎಲ್ಲೆಡೆ ದೊರೆಯುತ್ತವೆ. ಇಡೀ ಮನೆಯ ಸಾರಿಗೆ ಒಂದೇ ಒಗ್ಗರಣೆ ಹಾಕಿದರೂ ಹಿರಿಯರ ಬಟ್ಟಲಿಗೆ ಬಡಿಸುವ ಕ್ಷಣದಲ್ಲಿ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ ಬೆಳ್ಳುಳ್ಳಿ ಕಾಯಿಸಿ ಮೇಲೆ ಹಾಕಿದರೆ ಕಂಪು ಇಮ್ಮಡಿಸುತ್ತದೆ. ಊಟವನ್ನು ಬಿಸಿಯಾಗಿ ಬಡಿಸಬೇಕು. ಬಿಸಿಯಿದ್ದಷ್ಟು ಪರಿಮಳದ ಆವಿ ಹೆಚ್ಚು. ತಣ್ಣಗಾದ ಅನ್ನ ಮೂಗಿಗೆ ಮೂಕವಾಗುತ್ತದೆ.

ಹುಳಿಯು ಜೊಲ್ಲನ್ನು ಊರಿಸುತ್ತದೆ. ಊಟಕ್ಕೆ ಮೊದಲು ಒಂದೆರಡು ಹನಿ ನಿಂಬೆರಸವಾಗಲಿ, ಊಟದೊಂದಿಗೆ ಪುಂಡಿಪಲ್ಯವಾಗಲಿ ಇದ್ದರೆ ಒಣಗಿದ ಬಾಯಿ ಹಸನಾಗುತ್ತದೆ. ಖಾರವು ಬೇರೆ ನರದ ಮೂಲಕ ಬರುವುದೆಂದು ಮೊದಲೇ ಹೇಳಿದೆ. ವಾಸನೆ ಹೋದವರಿಗೂ ಖಾರದ ಚುರುಕು ಸ್ವಲ್ಪ ಉಳಿದಿರುತ್ತದೆ. ಹೊಟ್ಟೆಹುಣ್ಣು ಇಲ್ಲದವರಿಗೆ ಹಿತಮಿತವಾದ ಮೆಣಸು, ಶುಂಠಿ ಸಹಾಯಕವಾಗುತ್ತವೆ. ಮೆತ್ತಗಿನ ಅನ್ನದೊಂದಿಗೆ ಗರಿಗರಿಯಾದುದೇನಾದರೂ ಇದ್ದರೆ, ಬಿಳಿಯ ಅನ್ನದ ಪಕ್ಕದಲ್ಲಿ ಹಸಿರು ಪಲ್ಯವೋ ಕೆಂಪು ಗಜ್ಜರಿಯೋ ಇದ್ದರೆ ಕಣ್ಣೂ ಹಲ್ಲೂ ಮೂಗಿನ ಕೊರತೆಯನ್ನು ಕೊಂಚ ಹಂಚಿಕೊಳ್ಳುತ್ತವೆ.

ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಬಿಡಿಸಬೇಕಿಲ್ಲ. ಬಿಸಿರೊಟ್ಟಿಯನ್ನು ಮುರಿದು ಬೇಳೆಯ ಸಾರಿನಲ್ಲಿ ನೆನೆಯಿಟ್ಟರೆ ಮೆತ್ತಗಾಗುತ್ತದೆ. ಜೋಳದ ನುಚ್ಚನ್ನು ಮಜ್ಜಿಗೆಯೊಂದಿಗೆ ಕೊಡಬಹುದು. ಶೇಂಗಾ ಹಿಂಡಿಯನ್ನು ನುಣ್ಣಗೆ ಕುಟ್ಟಿ ಮೊಸರಿನಲ್ಲಿ ಕಲಸಬಹುದು. ಹೆಸರುಬೇಳೆಯನ್ನು ಅನ್ನದೊಂದಿಗೆ ಬೇಯಿಸಬಹುದು. ಒಮ್ಮೆಗೆ ತುಂಬಿದ ತಟ್ಟೆಯನ್ನು ಕಂಡರೆ ಹಿಂಜರಿಯುವವರಿಗೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಬಡಿಸುವುದು ಲೇಸು. ಊಟಕ್ಕೆ ಮೊದಲು ಬಾಯಿ ಮುಕ್ಕಳಿಸಿ ನಾಲಿಗೆಯನ್ನು ತೊಳೆಯುವ ಹಳೆಯ ಪದ್ಧತಿಯನ್ನು ಮರೆಯಬಾರದು.

ಮೂಗಿಗೂ ಅಭ್ಯಾಸ ಕೊಡಬಹುದೆಂಬುದು ಈಚಿನ ಶೋಧ. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ೨೦೦೯ರಲ್ಲಿ ಇದನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರ ಪರಿಮಳವನ್ನು ದಿನಕ್ಕೆರಡು ಸಲ ಹನ್ನೆರಡು ವಾರ ಗಮನವಿಟ್ಟು ಮೂಸಿದವರಲ್ಲಿ ಹಲವರಿಗೆ ವಾಸನಾಶಕ್ತಿ ಸುಧಾರಿಸಿತು. ಎಲ್ಲರಿಗೂ ಫಲಿಸೀತೆಂದಲ್ಲ, ಆದರೆ ವೆಚ್ಚವಿಲ್ಲ, ಅಪಾಯವಿಲ್ಲ. ಮೊಮ್ಮಕ್ಕಳು ಅಜ್ಜನೊಂದಿಗೆ ಕುಳಿತು ಮಾಡಬಹುದಾದ ಆಟವಿದು.

ಪಂಕ್ತಿಯ ಊಟ

ಮಸಾಲೆಗಿಂತ ದೊಡ್ಡ ಒಗ್ಗರಣೆಯೊಂದಿದೆ. ಅದು ಜೊತೆಯ ಊಟ. ೨೦೦೬ರಲ್ಲಿ ಪ್ರಕಟವಾದ ನೆದರ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ, ಶುಶ್ರೂಷಾಲಯದ ವೃದ್ಧರಿಗೆ ತಟ್ಟೆಯನ್ನು ತುಂಬಿ ತಂದಿಡುವ ಬದಲು, ಮನೆಯಂತೆ ಒಟ್ಟಿಗೆ ಕೂಡಿಸಿ ನಡುವೆ ಪಾತ್ರೆಗಳನ್ನಿಟ್ಟು ಬೇಕಾದುದನ್ನು ಬಡಿಸಿಕೊಂಡು ಉಣ್ಣುವ ವ್ಯವಸ್ಥೆ ಮಾಡಲಾಯಿತು. ಆರು ತಿಂಗಳ ಕೊನೆಗೆ ಅವರ ತೂಕವೂ ನೆಮ್ಮದಿಯೂ ಇತರರಿಗಿಂತ ಉತ್ತಮವಾಗಿದ್ದವು. ದಾಸೋಹದ ಪಂಕ್ತಿಯನ್ನು ಕಂಡ ನಮಗೆ ಇದು ಹೊಸ ಮಾತಲ್ಲ. ಮನೆಯಲ್ಲಿ ಎರಡೇ ತುತ್ತಿಗೆ ಸಾಕೆನ್ನುವ ಹಿರಿಯರು ಮಠದ ಪಂಕ್ತಿಯಲ್ಲಿ ಕುಳಿತಾಗ ನೆರೆಯವರೊಡನೆ ಮಾತಾಡುತ್ತ ತೃಪ್ತಿಯಾಗಿ ಪ್ರಸಾದ ಸ್ವೀಕರಿಸುವುದನ್ನು ನಾವು ನೋಡುತ್ತೇವೆ. ಬಿಸಿ, ಕಂಪು, ಸಂಗ, ಬಡಿಸುವವರ ಆಗ್ರಹ ಇವೆಲ್ಲ ಅಲ್ಲಿ ಒಂದುಗೂಡಿರುತ್ತವೆ.

ಎಚ್ಚರಿಕೆಯ ಲಕ್ಷಣಗಳು

ಕೆಲವು ಲಕ್ಷಣಗಳನ್ನು ಮನೆಯವರು ಗಮನಿಸುತ್ತಿರಬೇಕು. ಹಳಸಿದ ಅನ್ನ, ಒಡೆದ ಹಾಲುಗಳ ವಾಸನೆ ಹಿರಿಯರಿಗೆ ತಿಳಿಯದಿರುವುದು, ಒಲೆಯ ಮೇಲೆ ಪಲ್ಯ ಸೀದರೂ ಅರಿವಾಗದಿರುವುದು, ಸಾರಿಗೆ ಎಷ್ಟು ಉಪ್ಪು ಹಾಕಿದರೂ ಸಾಲದೆನ್ನುವುದು, ಕುಪ್ಪಸ ಬಳೆಗಳು ಸಡಿಲವಾಗುವುದು. ಕಣ್ಣು ಮುಚ್ಚಿಸಿ ಲವಂಗ, ಇಂಗು, ಬೆಳ್ಳುಳ್ಳಿಗಳನ್ನು ಮೂಗಿನ ಬಳಿ ಹಿಡಿದು ಕೇಳಿದರೆ ಸ್ಥೂಲವಾದ ಪರೀಕ್ಷೆಯಾಗುತ್ತದೆ. ತಿಂಗಳಿಗೊಮ್ಮೆ ತೂಕ ನೋಡುವುದು ಅತ್ಯಂತ ಸರಳವಾದ ಉಪಾಯ. ಆರು ತಿಂಗಳಿನಿಂದ ಒಂದು ವರ್ಷದೊಳಗೆ, ಉದ್ದೇಶಪಡದೆ, ನೂರಕ್ಕೆ ೫ರಷ್ಟು ತೂಕ ಇಳಿದರೆ, ಅಂದರೆ ೫೦ ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ, ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು. ವಾಸನೆ ದಿಢೀರನೆ ಹೋದರೂ ಹಾಗೆಯೇ.

ಮತ್ತೊಂದು ಅಪಾಯವನ್ನು ಹೇಳದೆ ಇರಲಾಗದು. ೨೦೧೬ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಬಳಿಕ ಹಳ್ಳಿಯ ಬಡಮನೆಗಳಿಗೂ ಗ್ಯಾಸ್ ಸಿಲಿಂಡರು ಬಂದಿದೆ. ಆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನಬಹುದು. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ಮೂಗು ಸೋತ ಅಜ್ಜಿಗೆ ಆ ಎಚ್ಚರಿಕೆ ತಲುಪುವುದಿಲ್ಲ.‌ ಒಂಟಿಯಾಗಿರುವ ಹಿರಿಯರು ಅಡಿಗೆ ಮುಗಿದೊಡನೆ ಸಿಲಿಂಡರಿನ ಗುಂಡಿಯನ್ನು ತಿರುಗಿಸಿ ಮುಚ್ಚುವ ರೂಢಿಯನ್ನು ಮಾಡಿಕೊಳ್ಳಬೇಕು. ಅಡಿಗೆಮನೆಯ ಕಿಟಕಿ ತೆರೆದಿರಬೇಕು.

ಉಪಸಂಹಾರ

ಮುಪ್ಪನ್ನು ತಡೆಯಲು ಯಾರಿಂದಲೂ ಆಗದು. ಆದರೆ ಮುಪ್ಪಿನ ಹೆಸರಿನಲ್ಲಿ ನಡೆಯುವ ಮೌನದ ಉಪವಾಸವನ್ನು ತಡೆಯಬಹುದು. ಅದಕ್ಕೆ ಬೇಕಾದುದು ತಿಳಿವಳಿಕೆ, ತುಸು ಒಗ್ಗರಣೆ, ತುಸು ಸಮಯ. ಅಧ್ಯಾಪಕರು ಮೂಗು ನಾಲಿಗೆಗಳ ಪಾಠವನ್ನು ಹೇಳುವಾಗ "ಮನೆಯಲ್ಲಿ ಅಜ್ಜಿ ಇಂದು ಏನು ಉಂಡರು?" ಎಂದು ಮಕ್ಕಳನ್ನು ಕೇಳಿದರೆ ಸಾಕು, ಆ ಪ್ರಶ್ನೆ ಸಂಜೆಯೊಳಗೆ ಮನೆಯನ್ನು ಮುಟ್ಟುತ್ತದೆ. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಂದೆತಾಯಿಗಳಿಗೆ ಹಣ ಕಳುಹಿಸುವುದರ ಜೊತೆಗೆ, ಫೋನಿನಲ್ಲಿ "ಊಟವಾಯಿತೇ?" ಎಂದು ಕೇಳಿ ನಿಲ್ಲಿಸದೆ, "ಯಾವ ಪಲ್ಯ, ಯಾರ ಜೊತೆ ಉಂಡಿರಿ, ತೂಕ ಎಷ್ಟಿದೆ?" ಎಂದೂ ವಿಚಾರಿಸಲಿ. ದಾನಿಗಳು ಮಕ್ಕಳ ಅನ್ನಕ್ಕೆ ಕೊಟ್ಟ ಕೈಯಿಂದಲೇ, ಗುಳೆ ಹೋದ ಮನೆಗಳ ಹಿರಿಯರಿಗೆ ವಾರದಲ್ಲಿ ಒಂದೆರಡು ದಿನವಾದರೂ ಪಂಕ್ತಿಯ ಬಿಸಿಯೂಟ ಸಿಗುವಂತೆ ಯೋಚಿಸಲಿ. ನಮಗೆ ಮೊದಲ ತುತ್ತಿನ ರುಚಿಯನ್ನು ತೋರಿಸಿದವರು ಅವರೇ. ಅವರ ಕೊನೆಯ ವರ್ಷಗಳ ತುತ್ತು ಸಪ್ಪೆಯಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮ ಮೇಲಿದೆ.